ಬೈಪೋಲಾರ್ ಕಾಯಿಲೆಯೊಡನೆ ಬಾಳುವವರು ಮೊದಲು ಕಾಯಬೇಕಾದದ್ದು ನಿದ್ದೆಯನ್ನು

ಮನಸ್ಸು ಕೆಲಕಾಲ ಉನ್ಮಾದಕ್ಕೆ, ಅಂದರೆ ಮಿತಿಮೀರಿದ ಹುರುಪಿಗೆ, ಕೆಲಕಾಲ ಖಿನ್ನತೆಗೆ ವಾಲುವ ಬೈಪೋಲಾರ್ ಕಾಯಿಲೆ ಇರುವವರಿಗೆ ಮಾತ್ರೆ ತಪ್ಪಿಸಬೇಡಿ ಎನ್ನುವವರು ಬಹಳ ಮಂದಿ; ನಿದ್ದೆ ತಪ್ಪಿಸಬೇಡಿ ಎಂದು ಅಷ್ಟೇ ಕಟ್ಟುನಿಟ್ಟಾಗಿ ಹೇಳುವವರು ಕಡಿಮೆ. ನಿದ್ದೆ ಕಡಿಮೆಯಾಗುವುದು ಉನ್ಮಾದದ ಲಕ್ಷಣವೂ ಹೌದು, ಅದನ್ನು ಕೆರಳಿಸುವ ಕಾರಣವೂ ಹೌದು. ಆದ್ದರಿಂದ ಮಲಗುವ ಮತ್ತು ಏಳುವ ಹೊತ್ತನ್ನು ಗೊತ್ತುಮಾಡಿಕೊಂಡು, ಹಬ್ಬವಿರಲಿ, ಸುಗ್ಗಿಯಿರಲಿ, ಅದನ್ನು ಬಿಡದೆ ನಡೆಸಿಕೊಂಡು ಹೋಗಬೇಕು.

ಮಂಡ್ಯ ಜಿಲ್ಲೆಯ ಒಕ್ಕಲು ಮನೆಗಳಲ್ಲಿ ಇದು ಸುಲಭವಲ್ಲ. ನನ್ನ ತಮ್ಮನಿಗೆ ಈ ಕಾಯಿಲೆ ಇದೆ. ಪಂಪ್‌ಸೆಟ್ಟಿಗೆ ರಾತ್ರಿ ಹೊತ್ತು ತ್ರೀ ಫೇಸ್ ಕರೆಂಟು ಬರುವ ವಾರ ಕಬ್ಬಿಗೆ ನೀರು ಹಾಯಿಸಲು ನಾನೋ ಚಿಕ್ಕಪ್ಪನೋ ಹೋಗುತ್ತೇವೆ. ಅದಕ್ಕೆ ಬದಲಾಗಿ ಹಗಲಿನ ಕೆಲಸವನ್ನು ಅವನು ವಹಿಸಿಕೊಳ್ಳುತ್ತಾನೆ. ಈ ಏರ್ಪಾಡನ್ನು ಸೂಚಿಸಿದವನು ಅವನೇ ಆದ್ದರಿಂದ ಅದು ಇಂದಿಗೂ ಉಳಿದಿದೆ. ಶಿವರಾತ್ರಿಯ ಜಾಗರಣೆ ಬಿಡಲು ಮಾತ್ರ ಅವನಿಗೆ ಬಹಳ ಸಂಕಟವಾಯಿತು. ಆಗ ಅಮ್ಮ, "ನೀ ಮನಿಕೊ ಮಗ, ನಿನ್ನ ಪಾಲಿನ ಜಾಗರಣೇನೂ ನಾನೇ ಮಾಡ್ತೀನಿ" ಎಂದರು.

ಈ ಕಾಯಿಲೆಗೆ ಕೊಡುವ ಲಿಥಿಯಂ ಮಾತ್ರೆ ತೆಗೆದುಕೊಳ್ಳುವವರು ನೀರು ಮತ್ತು ಉಪ್ಪಿನ ವಿಷಯದಲ್ಲಿ ಎಚ್ಚರವಾಗಿರಬೇಕು. ಬಿಸಿಲಲ್ಲಿ ಬೆವರಿದಾಗ, ವಾಂತಿಭೇದಿಯಾದಾಗ, ನೀರೂ ಕುಡಿಯದೆ ಉಪವಾಸ ಮಾಡಿದಾಗ ಅಥವಾ ಉಪ್ಪನ್ನು ಇದ್ದಕ್ಕಿದ್ದಂತೆ ಬಿಟ್ಟಾಗ ರಕ್ತದಲ್ಲಿ ಲಿಥಿಯಂ ಮಟ್ಟ ಅಪಾಯಕ್ಕೆ ಏರಬಹುದು. ಮೈಕೈ ನೋವಿಗೆಂದು ಅಂಗಡಿಯಿಂದ ತರುವ ಐಬುಪ್ರೊಫೇನ್, ಡೈಕ್ಲೋಫೆನಾಕ್ ಮಾತ್ರೆಗಳೂ ಆ ಮಟ್ಟವನ್ನು ಏರಿಸುತ್ತವೆ. ಕೈ ಜೋರಾಗಿ ನಡುಗಿದರೆ, ಮಾತು ತೊದಲಿದರೆ, ನಡಿಗೆ ತೂರಾಡಿದರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ಲಿಥಿಯಂ ಮಟ್ಟದ ಪರೀಕ್ಷೆಗೆ ಹಿಂದಿನ ಮಾತ್ರೆ ನುಂಗಿ 12 ಗಂಟೆ ಕಳೆದ ಮೇಲೆ ರಕ್ತ ಕೊಡಬೇಕು. ಮೂತ್ರಪಿಂಡ ಮತ್ತು ಥೈರಾಯ್ಡ್ ಪರೀಕ್ಷೆಗಳನ್ನೂ ವೈದ್ಯರು ಹೇಳಿದ ಕಾಲಕ್ಕೆ ಮಾಡಿಸಬೇಕು. ಮಂಡ್ಯದ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆಯಾದ ಮಿಮ್ಸ್‌ನಲ್ಲಿಯೂ ಮೈಸೂರಿನ ಕೆ.ಆರ್. ಆಸ್ಪತ್ರೆಯಲ್ಲಿಯೂ ಮನೋವೈದ್ಯಕೀಯ ವಿಭಾಗವಿದೆ. ಆರಾಮವಾಗಿದ್ದೇನೆಂದು ಮಾತ್ರೆಯನ್ನು ಒಮ್ಮೆಲೇ ನಿಲ್ಲಿಸಿದರೆ ಕಾಯಿಲೆ ಮರುಕಳಿಸುವ ಸಂಭವ ಹೆಚ್ಚು.

ಆರೋಗ್ಯವಾಗಿರುವ ದಿನಗಳಲ್ಲಿಯೇ ಒಂದು ನೋಟ್‌ಬುಕ್ಕಿನಲ್ಲಿ ಮುನ್ಸೂಚನೆಗಳನ್ನು ಬರೆದಿಡಿ. ತಮ್ಮನ ಪಟ್ಟಿಯಲ್ಲಿ ಮೂರಿವೆ: ಬೆಳಗಿನ ಜಾವ ನಾಲ್ಕಕ್ಕೆ ನೆಂಟರಿಗೆ ಫೋನು ಮಾಡುವುದು, ಸಾಲ ತಂದು ವ್ಯಾಪಾರ ಶುರುಮಾಡುವ ಮಾತು, ಊಟದ ನಡುವೆ ಎದ್ದು ಹೋಗುವುದು. ಇವುಗಳಲ್ಲಿ ಎರಡು ಕಂಡರೆ ಎಟಿಎಂ ಕಾರ್ಡನ್ನು ನನ್ನ ಕೈಗೆ ಕೊಟ್ಟು ಅಂದೇ ವೈದ್ಯರ ಬಳಿಗೆ ಬರುತ್ತೇನೆಂದು ಅವನೇ ಬರೆದಿದ್ದಾನೆ. ಚಿಕಿತ್ಸೆಯ ಬಗೆಗಿನ ಇಂಥ ಇಚ್ಛೆಗೆ ಕಾನೂನಿನ ಆಧಾರವೂ ಇದೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆಯಂತೆ, ವಯಸ್ಕರು ತಮಗೆ ಯಾವ ಚಿಕಿತ್ಸೆ ಬೇಕು, ಯಾವುದು ಬೇಡ ಎಂಬುದನ್ನು ಮುಂಗಡವಾಗಿ ಲಿಖಿತದಲ್ಲಿ ತಿಳಿಸಬಹುದು ಮತ್ತು ತಮ್ಮ ಪರವಾಗಿ ಮಾತನಾಡುವ ಪ್ರತಿನಿಧಿಯನ್ನೂ ನೇಮಿಸಬಹುದು.

ಖಿನ್ನತೆಯ ಹಂತದಲ್ಲಿ ಮನೆಯವರ ಎಚ್ಚರ ಇನ್ನೂ ಹೆಚ್ಚಿರಬೇಕು, ಏಕೆಂದರೆ ಆಗ ಮನುಷ್ಯ ಗಲಾಟೆಯಿಲ್ಲದೆ ಮೂಲೆ ಹಿಡಿದುಬಿಡುತ್ತಾನೆ. ಬೆಳೆಗೆ ಹೊಡೆಯುವ ಕೀಟನಾಶಕವನ್ನು ಮನೆಯಲ್ಲಿ ಇಡಲೇಬೇಡಿ. ಬದುಕು ಬೇಡವೆಂಬ ಮಾತು ಬಂದರೆ ಬೈಯದೆ, ಒಬ್ಬರನ್ನೇ ಬಿಡದೆ, ಪಕ್ಕದಲ್ಲಿ ಕುಳಿತು ಕೇಳಿರಿ ಮತ್ತು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿಯಾದ ಟೆಲಿ ಮಾನಸ್‌ನ 14416ಕ್ಕೆ ಕರೆಮಾಡಿ. ಅದು ಉಚಿತ, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲಿಯೇ ಮಾತನಾಡಬಹುದು.