ಗ್ಯಾಸ್ಟ್ರಿಕ್ ಮಾತ್ರೆಯನ್ನು ತಿಂಡಿಗೆ ಮೊದಲೇ ನುಂಗುವುದು ಏಕೆ, ನಿಲ್ಲಿಸುವುದು ಹೇಗೆ

ನಮ್ಮಲ್ಲಿ ಗ್ಯಾಸ್ಟ್ರಿಕ್ ಮಾತ್ರೆ ಎಂದರೆ ಹೆಚ್ಚಾಗಿ ಪ್ಯಾಂಟೊಪ್ರಜೋಲ್, ಒಮೆಪ್ರಜೋಲ್ ಅಥವಾ ರಾಬೆಪ್ರಜೋಲ್. ಊಟ ಮುಗಿದು ಎದೆ ಉರಿ ಶುರುವಾದ ಮೇಲೆ ಇದನ್ನು ನುಂಗಿ, ಏನೂ ಪ್ರಯೋಜನವಾಗಲಿಲ್ಲ ಎನ್ನುವವರು ಬಹಳ. ಹೊತ್ತು ತಪ್ಪಿ ನುಂಗಿದರೆ ಆಗುವುದೇ ಹಾಗೆ.

ಜಠರದ ಗೋಡೆಯ ಕೆಲವು ಜೀವಕೋಶಗಳಲ್ಲಿ ಆಮ್ಲವನ್ನು ಹೊರಹಾಕುವ ಪಂಪುಗಳಿವೆ. ಹೊಟ್ಟೆ ಖಾಲಿಯಿದ್ದಾಗ ಅವುಗಳಲ್ಲಿ ಬಹುಪಾಲು ಕೋಶದೊಳಗೆ ಸುಮ್ಮನಿರುತ್ತವೆ. ಊಟದ ಪರಿಮಳ, ರುಚಿ, ಹೊಟ್ಟೆ ಹಿಗ್ಗುವಿಕೆ ಇವುಗಳಿಂದ ಅಸಿಟೈಲ್ಕೋಲಿನ್, ಗ್ಯಾಸ್ಟ್ರಿನ್, ಹಿಸ್ಟಮಿನ್ ಎಂಬ ಮೂರು ಸಂಕೇತಗಳು ಬಂದಾಗ ಪಂಪುಗಳು ಮೇಲ್ಮೈಗೆ ಬಂದು ಕೆಲಸಕ್ಕಿಳಿಯುತ್ತವೆ. ಈ ಮಾತ್ರೆಗೆ ಸಿಕ್ಕಿಬೀಳುವುದು ಕೆಲಸ ಮಾಡುತ್ತಿರುವ ಪಂಪು ಮಾತ್ರ. ಔಷಧ ಸಣ್ಣಕರುಳಿನಲ್ಲಿ ಕರಗಿ, ರಕ್ತ ಸೇರಿ, ಆ ಕೋಶಗಳಿಗೆ ಬರಬೇಕು. ರಕ್ತದಲ್ಲಾದರೋ ಅದು ಹೆಚ್ಚು ಹೊತ್ತು ಉಳಿಯದು, ಒಂದೆರಡು ಗಂಟೆಗೊಮ್ಮೆ ಅರ್ಧಕ್ಕರ್ಧ ಇಳಿಯುತ್ತದೆ. ಔಷಧ ರಕ್ತದಲ್ಲಿರುವ ಹೊತ್ತು, ಪಂಪುಗಳು ಎದ್ದಿರುವ ಹೊತ್ತು ಎರಡೂ ಕೂಡಿಬರಬೇಕು.

ಹಾಗಾಗಿ ಬೆಳಿಗ್ಗೆ ಎದ್ದು ಮಾತ್ರೆಯನ್ನು ನೀರಿನೊಂದಿಗೆ ಇಡಿಯಾಗಿ ನುಂಗಿ, 30ರಿಂದ 60 ನಿಮಿಷದೊಳಗೆ ತಿಂಡಿ ತಿನ್ನಿ. ಹಾಲು ಹಾಕಿದ ಕಾಫಿಯನ್ನೂ ಆಹಾರವೆಂದೇ ಎಣಿಸಿ, ತಿಂಡಿಯ ಜೊತೆಗೇ ಕುಡಿಯಿರಿ. ಮಾತ್ರೆ ನುಂಗಿ ಮಧ್ಯಾಹ್ನದವರೆಗೆ ಏನೂ ತಿನ್ನದಿದ್ದರೆ ಅಂದಿನ ಡೋಸು ಬಹುಮಟ್ಟಿಗೆ ವ್ಯರ್ಥ. ಏಕಾದಶಿಯ ದಿನ ಫಲಾಹಾರಕ್ಕೆ ಅರ್ಧ ಗಂಟೆ ಮೊದಲು ತೆಗೆದುಕೊಳ್ಳಬಹುದು. ಪುಡಿ ಮಾಡಬೇಡಿ, ಅಗಿಯಬೇಡಿ. ಮೇಲಿನ ಲೇಪ ಒಡೆದರೆ ಜಠರದ ಆಮ್ಲವೇ ಔಷಧವನ್ನು ಹಾಳುಮಾಡುತ್ತದೆ.

ಮೊದಲ ದಿನವೇ ಪೂರ್ತಿ ಫಲ ಕಾಣುವುದಿಲ್ಲ. ಪ್ರತಿ ಡೋಸಿಗೂ ಇನ್ನಷ್ಟು ಪಂಪುಗಳು ಕಟ್ಟಿಹೋಗುತ್ತಾ 3ರಿಂದ 5 ದಿನ ಹಿಡಿಯುತ್ತದೆ. ತಕ್ಷಣದ ಉರಿಗೆ ಆಂಟಾಸಿಡ್ ಸಿರಪ್ಪೇ ಸರಿ. ಆದರೆ ಸಿಪ್ರೊಫ್ಲಾಕ್ಸಸಿನ್, ಡಾಕ್ಸಿಸೈಕ್ಲಿನ್ ಎಂಬ ಆಂಟಿಬಯೋಟಿಕ್ ನುಂಗಿ ಕನಿಷ್ಠ 2 ಗಂಟೆ, ಥೈರಾಯ್ಡ್ ಮಾತ್ರೆ ನುಂಗಿ 4 ಗಂಟೆ ಕಳೆದ ಮೇಲಷ್ಟೇ ಅದನ್ನು ಕುಡಿಯಿರಿ, ಇಲ್ಲವಾದರೆ ಅವು ಸರಿಯಾಗಿ ರಕ್ತ ಸೇರುವುದಿಲ್ಲ. ಎದೆಯಲ್ಲಿ ಭಾರ, ಬೆವರು, ಎಡತೋಳಿಗೋ ದವಡೆಗೋ ಹರಡುವ ನೋವು ಇದ್ದರೆ ಗ್ಯಾಸ್ಟ್ರಿಕ್ ಎಂದುಕೊಂಡು ಮಾತ್ರೆಯ ಫಲಕ್ಕೆ ಕಾಯುತ್ತ ಕೂರಲೇಬೇಡಿ. ಕೂಡಲೇ ಆಸ್ಪತ್ರೆಗೆ ಹೋಗಿ ಇಸಿಜಿ ಮಾಡಿಸಿ. ಮಲ ಕಪ್ಪಾಗಿದ್ದರೆ, ರಕ್ತವಾಂತಿಯಾದರೆ, ನುಂಗಲು ಕಷ್ಟವಾದರೆ, ಕಾರಣವಿಲ್ಲದೆ ತೂಕ ಇಳಿದರೂ ಮನೆಮದ್ದು ಸಲ್ಲದು.

ಈ ಔಷಧವನ್ನು ದೇಹದಿಂದ ತೆರವು ಮಾಡುವುದು ಮುಖ್ಯವಾಗಿ ಲಿವರಿನ ಸಿವೈಪಿ2ಸಿ19, ಸಿವೈಪಿ3ಎ4 ಕಿಣ್ವಗಳು. ತೊಡಕು ಹುಟ್ಟುವುದೂ ಇಲ್ಲೇ. ಹೃದಯಕ್ಕೆ ಸ್ಟೆಂಟ್ ಹಾಕಿಸಿಕೊಂಡವರು ರಕ್ತ ಹೆಪ್ಪುಗಟ್ಟದಂತೆ ನುಂಗುವ ಕ್ಲೊಪಿಡೊಗ್ರೆಲ್ ಕೆಲಸ ಮಾಡಬೇಕಾದರೆ ಅದೇ 2ಸಿ19 ಅದನ್ನು ಮಾರ್ಪಡಿಸಬೇಕು. ಒಮೆಪ್ರಜೋಲ್, ಇಸೊಮೆಪ್ರಜೋಲ್ ಆ ಕಿಣ್ವವನ್ನು ತಡೆಯುತ್ತವೆ. ಅಂಥವರಿಗೆ ವೈದ್ಯರು ಸಾಮಾನ್ಯವಾಗಿ ಪ್ಯಾಂಟೊಪ್ರಜೋಲ್ ಆರಿಸುತ್ತಾರೆ. ಪ್ಯಾನ್-ಡಿ ಬಗೆಯ ಕ್ಯಾಪ್ಸೂಲಿನಲ್ಲಿ ವಾಕರಿಕೆ ತಡೆಯುವ ಡೊಂಪೆರಿಡೋನ್ ಕೂಡ ಇರುತ್ತದೆ. ಅದನ್ನು ಕರಗಿಸುವುದು 3ಎ4. ಆಂಟಿಬಯೋಟಿಕ್ ಆದ ಕ್ಲಾರಿತ್ರೊಮೈಸಿನ್, ಶಿಲೀಂಧ್ರ ಸೋಂಕಿನ ಮಾತ್ರೆ ಕೀಟೊಕೊನಜೋಲ್ ಈ ಕಿಣ್ವವನ್ನು ಕಟ್ಟಿಹಾಕುವುದರಿಂದ ಡೊಂಪೆರಿಡೋನ್ ರಕ್ತದಲ್ಲಿ ಏರಿ ಹೃದಯದ ಲಯವನ್ನೇ ಕೆಡಿಸಬಹುದು. ಇವನ್ನು ಒಟ್ಟಿಗೆ ನುಂಗಬಾರದು. ಆದ್ದರಿಂದ ಯಾವ ವೈದ್ಯರ ಬಳಿ ಹೋದರೂ ನುಂಗುತ್ತಿರುವ ಅಷ್ಟೂ ಮಾತ್ರೆಗಳ ಸ್ಟ್ರಿಪ್ ತೋರಿಸಿ.

ಕಿಡ್ನಿ ಕೆಟ್ಟವರಿಗೆ ಪ್ಯಾಂಟೊಪ್ರಜೋಲಿನ ಡೋಸು ತಗ್ಗಿಸಬೇಕಿಲ್ಲ. ಆಮ್ಲ ತಗ್ಗಿಸುವ ಇನ್ನೊಂದು ಬಗೆಯ ಮಾತ್ರೆಯಾದ ಫಾಮೊಟಿಡಿನ್ ಮಾತ್ರ ಹೆಚ್ಚಾಗಿ ಮೂತ್ರದಲ್ಲೇ ಹೋಗುವುದರಿಂದ ಅದನ್ನು ಕಡಿಮೆ ಮಾಡಬೇಕು.

ಸಾಮಾನ್ಯ ಎದೆ ಉರಿಗೆ 4ರಿಂದ 8 ವಾರದ ಚಿಕಿತ್ಸೆ ಸಾಕು. ತಿಂಗಳುಗಟ್ಟಲೆ ನುಂಗಿ ಒಮ್ಮೆಲೇ ಬಿಟ್ಟರೆ ಉರಿ ಮೊದಲಿಗಿಂತ ಜೋರಾಗಿ ಬರಬಹುದು. ಆಮ್ಲ ತಗ್ಗಿದ್ದಷ್ಟು ಕಾಲವೂ ದೇಹ ಗ್ಯಾಸ್ಟ್ರಿನ್ ಹೆಚ್ಚಿಸಿಕೊಂಡಿರುತ್ತದೆ. ಮಾತ್ರೆ ನಿಂತು ಹೊಸ ಪಂಪುಗಳು ಬಂದಾಗ ಆ ಗ್ಯಾಸ್ಟ್ರಿನ್ ಅವನ್ನೆಲ್ಲ ಒಟ್ಟಿಗೆ ದುಡಿಸುತ್ತದೆ. ಕಾಯಿಲೆ ಮರಳಿತೆಂದು ಹೆದರಿ ಮತ್ತೆ ಶುರುಮಾಡಿದವರು ಬಿಡಿಸಿಕೊಳ್ಳಲಾರದೆ ವರ್ಷಗಟ್ಟಲೆ ನುಂಗುತ್ತಾರೆ. ವೈದ್ಯರನ್ನು ಕೇಳಿ, 40 ಮಿಲಿಗ್ರಾಂನಿಂದ 20ಕ್ಕೆ ಇಳಿಸಿ 2 ವಾರ, ನಂತರ ದಿನ ಬಿಟ್ಟು ದಿನ 2 ವಾರ ತೆಗೆದುಕೊಂಡು ನಿಲ್ಲಿಸಬಹುದು. ನಡುವೆ ಉರಿ ಬಂದರೆ ಆಂಟಾಸಿಡ್ ಇದೆ. ಆದರೆ ಹುಣ್ಣಿನಿಂದ ರಕ್ತಸ್ರಾವವಾಗಿದ್ದವರು, ಆಸ್ಪಿರಿನ್ ಅಥವಾ ನೋವಿನ ಮಾತ್ರೆ ನಿತ್ಯ ನುಂಗುವವರು ತಾವಾಗಿಯೇ ನಿಲ್ಲಿಸಬಾರದು. ಜಠರದಲ್ಲಿ ಹುಣ್ಣು ಮಾಡುವ ಎಚ್. ಪೈಲೊರಿ ಬ್ಯಾಕ್ಟೀರಿಯಾ ಪತ್ತೆಗೆ ಉಸಿರಿನ ಅಥವಾ ಮಲದ ಪರೀಕ್ಷೆ ಬರೆದಿದ್ದರೆ, 2 ವಾರ ಮೊದಲೇ ಮಾತ್ರೆ ಬಿಡಬಹುದೇ ಎಂದು ಕೇಳಿಕೊಳ್ಳಿ, ಏಕೆಂದರೆ ಬಿಡದಿದ್ದರೆ ಸೋಂಕಿದ್ದರೂ ಇಲ್ಲವೆಂದು ವರದಿ ಬರಬಹುದು.