ಬರ್ಲಿನ್‌ನ ಖಾಲಿ ಗ್ರಂಥಾಲಯವನ್ನು ನೋಡುವ ಬಗೆ

ಬರ್ಲಿನ್‌ನ ಬೆಬೆಲ್‌ಪ್ಲಾಟ್ಸ್ ಚೌಕದಲ್ಲಿರುವ, 1933ರಲ್ಲಿ ನಾಜಿಗಳು ನಡೆಸಿದ ಪುಸ್ತಕ ದಹನದ ಸ್ಮಾರಕವನ್ನು ತಲೆಯೆತ್ತಿ ಹುಡುಕಿದರೆ ಸಿಗುವುದಿಲ್ಲ, ಏಕೆಂದರೆ ಅದು ಇರುವುದು ನೆಲದಡಿಯಲ್ಲಿ. ಉಂಟರ್ ಡೆನ್ ಲಿಂಡನ್ ಮೆಟ್ರೊ ನಿಲ್ದಾಣದಲ್ಲಿ ಇಳಿದು, ಅದೇ ಹೆಸರಿನ ಬೀದಿಯಲ್ಲಿ ಪೂರ್ವಕ್ಕೆ ಸ್ವಲ್ಪ ದೂರ ನಡೆದರೆ ಬಲಗಡೆಗೆ ಚೌಕ ಸಿಗುತ್ತದೆ. ಅದರ ಕಲ್ಲುಹಾಸಿನ ನಡುವೆ ಸುಮಾರು 1.2 ಮೀಟರ್ ಉದ್ದಗಲದ ಗಾಜನ್ನು ಕೂರಿಸಲಾಗಿದೆ. ಟಿಕೆಟ್ ಇಲ್ಲ, ಯಾವ ಹೊತ್ತಿನಲ್ಲಾದರೂ ನೋಡಬಹುದು.

ಆದರೂ ನಡುಹಗಲನ್ನು ಬಿಟ್ಟು ಮುಸ್ಸಂಜೆಗೆ ಹೋಗುವುದು ಲೇಸು. ಬಿಸಿಲಿನಲ್ಲಿ ಗಾಜಿನ ಮೇಲೆ ಆಕಾಶವೂ ನಮ್ಮದೇ ಮುಖವೂ ಕಾಣುತ್ತವೆಯೇ ಹೊರತು ಒಳಗಿನದು ಸರಿಯಾಗಿ ಕಾಣುವುದಿಲ್ಲ. ಕತ್ತಲಾದ ಮೇಲೆ ಒಳಗಿನ ಬೆಳಕಿನಿಂದ ಕೋಣೆ ಸ್ಪಷ್ಟವಾಗುತ್ತದೆ. ಗಾಜಿನ ಅಂಚಿನಲ್ಲಿ ನಿಂತು ಬಗ್ಗಿ ನೋಡಿ, ಒಂದು ಬದಿಯಿಂದ ನೋಡಿದರೆ ಎದುರಿನ ಗೋಡೆಯಷ್ಟೇ ಕಾಣುವುದರಿಂದ ನಾಲ್ಕೂ ಬದಿಗೆ ಸುತ್ತಿ ಬನ್ನಿ. ಗೋಡೆಗಳುದ್ದಕ್ಕೂ ಬಿಳಿಯ ಕಪಾಟುಗಳಿವೆ, ಪುಸ್ತಕ ಒಂದೂ ಇಲ್ಲ. ಅಂದು ಇಲ್ಲಿ ಸುಟ್ಟ ಸುಮಾರು 20,000 ಪುಸ್ತಕಗಳು ಹಿಡಿಸುವಷ್ಟು ಜಾಗವನ್ನು ಇಸ್ರೇಲಿನ ಶಿಲ್ಪಿ ಮಿಖಾ ಉಲ್ಮನ್ 1995ರಲ್ಲಿ ಹೀಗೆ ಬರಿದಾಗಿಯೇ ಉಳಿಸಿದರು.

ಹೋಗುವ ಮೊದಲು ಆ ರಾತ್ರಿಯ ಬಗ್ಗೆ ಒಂದಿಷ್ಟು ಓದಿಕೊಂಡಿರಬೇಕು, ಇಲ್ಲದಿದ್ದರೆ ಕಾಣುವುದು ಖಾಲಿ ಕೋಣೆ ಮಾತ್ರ. 1933ರ ಮೇ 10ರಂದು ನಾಜಿ ವಿದ್ಯಾರ್ಥಿ ಸಂಘಟನೆಗಳವರು ಫ್ರಾಯ್ಡ್, ಮಾರ್ಕ್ಸ್, ಹೈನ್ರಿಖ್ ಮಾನ್, ರೆಮಾರ್ಕ್ ಮೊದಲಾದವರ ಕೃತಿಗಳನ್ನು ಇಲ್ಲಿ ಬೆಂಕಿಗೆ ಹಾಕಿದರು, ನಾಜಿ ಸರ್ಕಾರದ ಪ್ರಚಾರ ಮಂತ್ರಿ ಗೋಬೆಲ್ಸ್ ಭಾಷಣ ಮಾಡಿದ. ನಾಲ್ಕು ದಿನ ಮೊದಲು ಮಾಗ್ನುಸ್ ಹಿರ್ಷ್‌ಫೆಲ್ಡ್ ಅವರ ಲೈಂಗಿಕ ವಿಜ್ಞಾನ ಸಂಸ್ಥೆಯಿಂದ ದೋಚಿದ ಗ್ರಂಥಗಳೂ ಆ ರಾಶಿಯಲ್ಲಿದ್ದವು. ಲೇಖಕ ಎರಿಕ್ ಕೆಸ್ಟ್ನರ್ ತಮ್ಮ ಪುಸ್ತಕಗಳು ಉರಿಯುವುದನ್ನು ಜನರ ನಡುವೆ ನಿಂತೇ ಕಂಡರು. ಈಗ ಗಾಜಿನಿಂದ ತಲೆಯೆತ್ತಿ ಸುತ್ತ ನೋಡಿ: ಬೀದಿಯಾಚೆ ವಿಶ್ವವಿದ್ಯಾಲಯದ ಮುಖ್ಯ ಕಟ್ಟಡ, ಪಶ್ಚಿಮಕ್ಕೆ ಹಳೆಯ ರಾಜಗ್ರಂಥಾಲಯ. ಓದುಬರಹವಿಲ್ಲದ ಗುಂಪಿನ ಕೆಲಸ ಇದಲ್ಲವೆಂಬುದನ್ನು ಯಾವ ಮಾರ್ಗದರ್ಶಿಗಿಂತಲೂ ಚೆನ್ನಾಗಿ ಈ ಕಟ್ಟಡಗಳೇ ತಿಳಿಸುತ್ತವೆ.

ಗಾಜಿನ ಬಳಿ ನೆಲದಲ್ಲಿರುವ ಕಂಚಿನ ಫಲಕವನ್ನೂ ಓದಿ. ಪುಸ್ತಕ ಸುಡುವ ಕಡೆ ಕೊನೆಗೆ ಮನುಷ್ಯರನ್ನೂ ಸುಡುತ್ತಾರೆಂಬ, ಜರ್ಮನ್ ಕವಿ ಹೈನೆಯ ಸಾಲು ಅಲ್ಲಿದೆ. ಅದನ್ನು ನಾಜಿಗಳ ಕುರಿತೇ ಬರೆದದ್ದೆಂದು ಹಲವರು ತಿಳಿಯುತ್ತಾರೆ. ಆದರೆ ಹೈನೆ 1856ರಲ್ಲೇ ತೀರಿಕೊಂಡಿದ್ದರು, ಮತ್ತು ಅವರ ನಾಟಕದಲ್ಲಿ ಆ ಮಾತು ಬರುವುದು ಸ್ಪೇನಿನ ಗ್ರನಾಡಾದಲ್ಲಿ ಕುರಾನ್ ಸುಟ್ಟ ಪ್ರಸಂಗದಲ್ಲಿ.

ಪ್ರವಾಸಿ ತಂಡಗಳು ಬಂದಾಗ ಗಾಜಿನ ಸುತ್ತ ಜಾಗವಿರುವುದಿಲ್ಲ, ತುಸು ಕಾದರೆ ತೆರವಾಗುತ್ತದೆ. ಫೋಟೊ ತೆಗೆಯುವುದಿದ್ದರೆ ಫ್ಲ್ಯಾಶ್ ಆರಿಸಿ, ಫೋನನ್ನು ಗಾಜಿಗೆ ತಾಗಿಸಿ ಹಿಡಿಯಿರಿ.