ಸೊಂಟ ಹಿಡಿದ್ರೆ ಚಾಪೆ ಹಿಡಿಬೇಡಿ

ನಂಗೆ ಆಗ 42 ವರ್ಷ, ಮಳೆಗಾಲ, ಹಟ್ಟಿಯಿಂದ ಗೊಬ್ಬರದ ಬುಟ್ಟಿ ಎತ್ತುವಾಗ ಸೊಂಟದಲ್ಲಿ ಛಳಕ್ ಅಂತು ನೋಡಿ, ಹಾಗೇ ಕೂತುಬಿಟ್ಟೆ. ಅಲುಗಾಡ್ಬೇಡ ಅಂತ ಅತ್ತೆ ಹೇಳಿದ್ರು ಪಾಪ, ಪ್ರೀತಿಯಿಂದ್ಲೇ, 15 ದಿನ ಚಾಪೆಯಲ್ಲೇ ಇದ್ದೆ, ಎದ್ದಾಗ ಬೆನ್ನು ಹಲಗೆಯ ಹಾಗೆ ಆಗಿತ್ತು. ತಪ್ಪಾದದ್ದು ಅಲ್ಲೇ. ಉಳುಕಿದ ಸೊಂಟಕ್ಕೆ ತೀರಾ ತಡೀಲಿಕ್ಕಾಗದಿದ್ರೆ ಒಂದೋ ಎರಡೋ ದಿನ ರೆಸ್ಟ್ ಸಾಕು, ಆಮೇಲೆ ಮೆಲ್ಲ ಮೆಲ್ಲ ಅಂಗಳದಲ್ಲಿ ನಡೀಬೇಕು, ಮನೆಕೆಲಸ ಆದಷ್ಟು ಮಾಡ್ಬೇಕು, ಹೆಚ್ಚಿನವ್ರಿಗೆ ಕೆಲವು ವಾರದಲ್ಲಿ ತನ್ನಷ್ಟಕ್ಕೇ ಕಮ್ಮಿ ಆಗ್ತದೆ.

ನಮ್ಮ ಉಡುಪಿ ಕಡೆ ಹೆಂಗಸರ ಕೆಲಸವೇ ಹಾಗೆ, ಬಾವಿ ನೀರು ಸೇದುದು, ಬಗ್ಗಿ ನೇಜಿ ನೆಡುದು, ಬೀಡಿ ಕಟ್ಟುವವರಾದ್ರೆ ತಡ್ಪೆ (ಮೊರ) ಮಡಿಲಲ್ಲಿಟ್ಟು ಬೆಳಿಗ್ಗೆ ಕೂತವ್ರು ಸಂಜೆಗೇ ಏಳುದು. ಈಗಿನ ಮಕ್ಕಳು ಕಂಪ್ಯೂಟರ್ ಮುಂದೆ ಕೂತು ಅದನ್ನೇ ಮಾಡ್ತಾರೆ. ಅರ್ಧ ಗಂಟೆಗೊಮ್ಮೆ ಎದ್ದು ನಾಲ್ಕು ಹೆಜ್ಜೆ ಹಾಕಿ ಬನ್ನಿ ಮಾರಾಯ್ರೆ, ಅದಕ್ಕೆ ದುಡ್ಡು ಕೊಡ್ಲಿಕ್ಕಿಲ್ಲ.

ಆದ್ರೆ ಎಲ್ಲ ಸೊಂಟನೋವೂ ಒಂದೇ ಅಲ್ಲ, ನೋವು ಎಲ್ಲಿಂದ ಎಲ್ಲಿಗೆ ಹೋಗ್ತದೆ ಅಂತ ನೀವೇ ಗಮನಿಸಿ. ನೋವು ಸೊಂಟದಲ್ಲೇ ನಿಂತು, ಬಗ್ಗಿದ್ರೆ, ಎದ್ದ್ರೆ ಹಿಡಿತದೆ ಅಂದ್ರೆ ಹೆಚ್ಚಾಗಿ ಸ್ನಾಯುದ್ದು, ಕೀಲಿದ್ದು. ಕುಂಡೆಯಿಂದ ತೊಡೆ ಹಿಂದೆ ಹೋಗಿ ಮೊಣಕಾಲು ದಾಟಿ ಪಾದದವರೆಗೆ ಕರೆಂಟ್ ಹೊಡೆದ ಹಾಗೆ ಇಳಿದ್ರೆ ಡಿಸ್ಕ್, ಅಂದ್ರೆ ಬೆನ್ನುಮೂಳೆಗಳ ನಡುವಿನ ಮೆತ್ತೆ, ಜಾರಿ ನರ ಒತ್ತಿರ್ಬಹುದು, ಸಯಾಟಿಕಾ ಅಂತಾರಲ್ಲ ಅದು. ಮಗ್ಗುಲಿಂದ ತೊಡೆಸಂದಿಗೆ ಬಂದು, ಹೇಗೆ ಮಲಗಿದ್ರೂ ನೆಮ್ಮದಿ ಇಲ್ಲದಿದ್ರೆ ಕಿಡ್ನಿ ಕಲ್ಲು ಇರ್ಬಹುದು, ನಮ್ಮ ಸೆಕೆಗೆ ಬೆವರಿ ನೀರು ಕುಡಿಯದವ್ರಿಗೆ ಅದು ಬೇರೆ ಉಂಟು. ಇನ್ನು 20–30ರ ಹುಡುಗರಿಗೆ ಬೆಳಿಗ್ಗೆ ಅರ್ಧ ಗಂಟೆಗಿಂತ ಹೆಚ್ಚು ಬೆನ್ನು ಮರಗಟ್ಟಿ, ಓಡಾಡಿದ ಮೇಲೆ ಹಗುರ ಆಗ್ತದೆ, ಇದೇ ತಿಂಗಳುಗಟ್ಟಲೆ ನಡೆದ್ರೆ ಸೋಮಾರಿ ಅಂತ ಬೈಬೇಡಿ, ಅದು ವಾತದ ಒಂದು ಕಾಯಿಲೆ ಇರ್ಬಹುದು, ಡಾಕ್ಟ್ರಿಗೆ ತೋರಿಸಿ.

ಮದ್ದಿನ ವಿಷಯ. ನೆಕ್ಕಿ (ಲಕ್ಕಿ) ಸೊಪ್ಪು ಹಾಕಿ ಕುದಿಸಿದ ಹಂಡೆ ನೀರಿನ ಸ್ನಾನ, ಬಿಸಿನೀರ ಬ್ಯಾಗಿನ ಶಾಖ, ಇದು ನಿಜಕ್ಕೂ ಹಾಯಾಗ್ತದೆ, ಶುಗರ್ ಇದ್ದು ಚರ್ಮ ಜೋಮು ಹಿಡಿದವ್ರು ಮಾತ್ರ ಬಿಸಿ ಜಾಗ್ರತೆ, ಸುಟ್ಟದ್ದೇ ಗೊತ್ತಾಗ್ಲಿಕ್ಕಿಲ್ಲ. ಎಣ್ಣೆ ಹಚ್ಚಿ ಮೆಲ್ಲ ಉಜ್ಜಿ. ಆದ್ರೆ ಕಾಲು ಮುಂದಾಗಿ ಹುಟ್ಟಿದವ್ರ ಹತ್ರ ಬೆನ್ನು ತುಳಿಸುದು ಉಂಟಲ್ಲ, ಅದು ಬೇಡವೇ ಬೇಡ, ಮುಟ್ಟು ನಿಂತ ಎಷ್ಟೋ ಹೆಂಗಸರ ಮೂಳೆ ಸವೆದಿರ್ತದೆ, ಬರೇ ಜಾರಿ ಕೂತ್ರೂ ಬೆನ್ನುಮೂಳೆ ಕುಸೀಬಹುದು, ತುಳಿದ್ರೆ ಕೇಳ್ಬೇಕಾ. ಮೆಡಿಕಲ್‌ನಿಂದ ನೋವಿನ ಮಾತ್ರೆ ತಂದು ತಿಂಗಳುಗಟ್ಟಲೆ ನುಂಗುದೂ ಬೇಡ, ಡೈಕ್ಲೋಫೆನಾಕ್‌ನಂಥದ್ದು ಹೊಟ್ಟೆ ಹುಣ್ಣು ಮಾಡ್ತದೆ, ಕಿಡ್ನಿಗೂ ಪೆಟ್ಟು, ಬಿಪಿಯೂ ಏರ್ತದೆ. ಎಂಆರ್‌ಐ ಸ್ಕ್ಯಾನಿನಲ್ಲಿ ಡಿಸ್ಕ್ ಉಬ್ಬಿದೆ ಅಂತ ಬಂದ ಕೂಡ್ಲೇ ಆಪರೇಶನ್ ಅಂತ ಹೆದರ್ಬೇಡಿ, 50 ದಾಟಿದವ್ರಲ್ಲಿ ನೋವೇ ಇಲ್ಲದ ಅರ್ಧಕ್ಕಿಂತ ಹೆಚ್ಚು ಜನಕ್ಕೆ ಹಾಗೆ ಕಾಣ್ತದೆ. ಫಿಸಿಯೋಥೆರಪಿಯವ್ರು ಹೇಳಿಕೊಟ್ಟ ವ್ಯಾಯಾಮ ದಿನಾ ಮಾಡಿ, ನಂಗೆ ಕೊನೆಗೆ ಗುಣ ಆದದ್ದು ಅದ್ರಲ್ಲೇ.

ಇದೊಂದು ಮಾತ್ರ ದಯಮಾಡಿ ಕೇಳಿ. ಸೊಂಟನೋವಿನ ಜೊತೆ ಮೂತ್ರ ಕಟ್ಟಿದ್ರೆ, ಗೊತ್ತಿಲ್ಲದೆ ಹೋದ್ರೆ, ಮಲದ ಹಿಡಿತ ತಪ್ಪಿದ್ರೆ, ಕೂರುವ ಜಾಗದಲ್ಲಿ, ಅಂದ್ರೆ ಕುಂಡೆ, ಗುಪ್ತಾಂಗದ ಸುತ್ತ, ಸ್ಪರ್ಶ ಇಲ್ಲದಿದ್ರೆ, ಕಾಲು ಎತ್ತಿ ಇಡ್ಲಿಕ್ಕಾಗದಿದ್ರೆ, ಅದೇ ದಿನ ರಾತ್ರಿಯಾದ್ರೂ ದೊಡ್ಡ ಆಸ್ಪತ್ರೆಗೆ ಹೋಗಿ, ತಡ ಆದ್ರೆ ನರ ಮತ್ತೆ ಸರಿಯಾಗ್ಲಿಕ್ಕಿಲ್ಲ. ನಮ್ಮ ಹೆಂಗಸರು ಹೆರಿಗೆ ಆದದ್ದಕ್ಕೆ, ಪ್ರಾಯ ಆದದ್ದಕ್ಕೆ ಅಂತ ಇದನ್ನು ನಾಚಿಕೆಯಿಂದ ಸೊಸೆಗೂ ಹೇಳುದಿಲ್ಲ. ಹೇಳಿ. ಜ್ವರ, ಕಾರಣ ಇಲ್ಲದೆ ತೂಕ ಇಳಿಯುದು, ಹಿಂದೆ ಕ್ಯಾನ್ಸರ್ ಆದದ್ದು ಇದ್ರೂ ಮನೆಮದ್ದು ಮಾಡ್ತಾ ಕೂರ್ಬೇಡಿ.

ಕೊಡಪಾನ ಎತ್ತುವಾಗ ಮೊಣಕಾಲು ಮಡಚಿ, ಕೊಡವನ್ನು ಮೈಗೆ ತಾಗಿಸಿಕೊಂಡೇ ಏಳಿ, ಎತ್ತಿಕೊಂಡು ಸೊಂಟ ತಿರುಗಿಸ್ಬೇಡಿ, ಕಾಲಿಟ್ಟು ತಿರುಗಿ. ರಾತ್ರಿ ಮಗ್ಗುಲಾಗಿ ಮಲಗಿ ಮೊಣಕಾಲಿನ ನಡುವೆ ದಿಂಬು ಇಡಿ. ಬೆಳಿಗ್ಗೆ ಒಮ್ಮೆಲೇ ನೆಟ್ಟಗೆ ಏಳುದಲ್ಲ, ಮೊದ್ಲು ಒಂದು ಬದಿಗೆ ಹೊರಳಿ, ಕಾಲು ಮಂಚದಿಂದ ಕೆಳಗೆ ಬಿಟ್ಟು, ಕೈಯೂರಿ ಎದ್ದು ಕೂತು, ಒಂದು ನಿಮಿಷ ಬಿಟ್ಟು ನಿಂತುಕೊಳ್ಳಿ.